ಬಟ್ಟೆ ಮೇಲೆ ಅಚ್ಚು, ಸ್ಕ್ರೀನ್, ಬಣ್ಣ: ಕಲಬುರಗಿ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆ ಪ್ರಿಂಟಿಂಗ್ ಕಲಿಯುವವರು ನೋಡುವ ವಿಡಿಯೊಗಳು ಬಹುತೇಕ ಜೈಪುರ, ಸೂರತ್, ತಿರುಪ್ಪೂರಿನವು. ಅಲ್ಲಿಯ ಅಳತೆಯನ್ನು ಇಲ್ಲಿ ಹಾಗೇ ಹಾಕಿದರೆ ಅರ್ಧ ಸಲ ಕೈಕೊಡುತ್ತದೆ. ತಪ್ಪು ಕಲಿಯುವವರದಲ್ಲ. ನಮ್ಮ ಬೋರ್ ನೀರಿನಲ್ಲಿ ಸುಣ್ಣ ಜಾಸ್ತಿ, ಬೇಸಿಗೆಯ ಗಾಳಿಯಲ್ಲಿ ತೇವ ಇಲ್ಲವೇ ಇಲ್ಲ. ಕೆಳಗಿನ ಉತ್ತರಗಳಲ್ಲಿ ಈ ಎರಡೂ ಮತ್ತೆ ಮತ್ತೆ ಬರುತ್ತವೆ.

ಯಾವ ಬಟ್ಟೆಗೆ ಯಾವ ಬಣ್ಣ?

ಬಣ್ಣದಲ್ಲಿ ಎರಡು ಜಾತಿ. ನೂಲಿನ ಒಳಗೆ ಇಳಿದು ಅದರೊಂದಿಗೆ ಬೆಸೆದುಕೊಳ್ಳುವುದು ಡೈ. ನೂಲಿನ ಮೇಲೆ ಅಂಟಿನ ಬಲದಿಂದ ಕೂರುವುದು ಪಿಗ್ಮೆಂಟ್. ಡೈಗೆ ನೂಲು ಯಾವುದು ಎಂಬುದು ಮುಖ್ಯ: ಹತ್ತಿ, ವಿಸ್ಕೋಸ್, ಲಿನನ್‌ಗೆ ರಿಯಾಕ್ಟಿವ್, ರೇಷ್ಮೆ, ಉಣ್ಣೆಗೆ ಆ್ಯಸಿಡ್ ಡೈ, ಪಾಲಿಯೆಸ್ಟರ್‌ಗೆ ಡಿಸ್ಪರ್ಸ್. ಕಾಗದದಿಂದ ಬಿಸಿಯ ಒತ್ತಿಗೆ ಬಟ್ಟೆಗಿಳಿಯುವ ಸಬ್ಲಿಮೇಶನ್ ಇಂಕ್ ಸಹ ಡಿಸ್ಪರ್ಸ್ ಜಾತಿಯದೇ. ಪಿಗ್ಮೆಂಟ್‌ಗೆ ಈ ಭೇದ ಕಡಿಮೆ, ಹೆಚ್ಚುಕಡಿಮೆ ಎಲ್ಲದರ ಮೇಲೂ ಕೂರುತ್ತದೆ. ಆದರೆ ಮುಟ್ಟಿದರೆ ಕೈಗೆ ತಿಳಿಯುತ್ತದೆ.

ಅಂಗಡಿಯವರು "ಪ್ಯೂರ್ ಕಾಟನ್" ಎಂದರು ಅಂತ ನಂಬಿ ಹತ್ತು ಮೀಟರ್ ಒಯ್ಯಬೇಡಿ. ಅಂಚಿನಿಂದ ನಾಲ್ಕು ಎಳೆ ಕಿತ್ತು ಕಡ್ಡಿ ಗೀರಿ ಸುಡಿ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಿಯಾಗುತ್ತದೆ. ರೇಷ್ಮೆ, ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಬೂದಿಯೂ ಇದೆ, ಗುಂಡಿಯೂ ಇದೆ ಎಂದರೆ ಅದು ಮಿಶ್ರ ನೂಲು. ಅದರ ಮೇಲೆ ರಿಯಾಕ್ಟಿವ್ ಹಾಕಿದರೆ ಹತ್ತಿಯ ಪಾಲಷ್ಟೇ ಬಣ್ಣ ಹಿಡಿದು ಪ್ರಿಂಟ್ ಮಾಸಲಾಗಿ ಕಾಣುತ್ತದೆ.

ಸೊಲ್ಲಾಪುರದಿಂದ ಕೋರಾ ಬಟ್ಟೆ ತಂದಿದ್ದೇವೆ. ನೇರವಾಗಿ ಪ್ರಿಂಟ್ ಮಾಡಬಹುದೇ?

ಬೇಡ. ನೇಯುವಾಗ ಹಾಕಿದ ಗಂಜಿ, ಹತ್ತಿಯ ಸಹಜ ಮೇಣ, ಮಗ್ಗದ ಎಣ್ಣೆ ಎಲ್ಲವೂ ಅದರಲ್ಲಿವೆ. ಬಣ್ಣ ಗಂಜಿಯ ಮೇಲೆ ಕೂತು ಮೊದಲ ಒಗೆತದಲ್ಲೇ ಗಂಜಿಯ ಜೊತೆ ಹೋಗುತ್ತದೆ. "ಬಣ್ಣ ಸರಿ ಇಲ್ಲ" ಎಂದು ಬರುವ ದೂರುಗಳಲ್ಲಿ ಬಹುಪಾಲು ಬಟ್ಟೆ ಸಿದ್ಧ ಮಾಡದೇ ಇದ್ದದ್ದರ ಫಲ.

ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಗಂಜಿ ತೆಗೆಯುವ ಎಂಜೈಮ್ ಸಿಕ್ಕರೆ ಅದನ್ನು ಉಗುರುಬೆಚ್ಚಗಿನ ನೀರಿಗೆ ಸೇರಿಸಿ. ಬೆಳಿಗ್ಗೆ ಹಿಂಡಿ, 1 ಕಿಲೋ ಬಟ್ಟೆಗೆ 20 ಲೀಟರ್ ನೀರು, 60 ಗ್ರಾಂ ವಾಷಿಂಗ್ ಸೋಡಾ, 40 ಗ್ರಾಂ ಡಿಟರ್ಜೆಂಟ್ ಪುಡಿ ಹಾಕಿ ಒಂದು ಗಂಟೆ ಕುದಿಸಿ. ಬಾರ್ ಸಾಬೂನು ಬಳಸಬೇಡಿ. ಗಡಸು ನೀರಿನಲ್ಲಿ ಅದು ಜಿಡ್ಡು ಕಟ್ಟಿ ಬಟ್ಟೆಗೇ ಮೆತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ: ಐದು ಸೆಕೆಂಡಿನೊಳಗೆ ಹೀರಿಕೊಂಡರೆ ಬಟ್ಟೆ ಸಿದ್ಧ, ಹನಿ ಮುತ್ತಿನ ಹಾಗೆ ನಿಂತರೆ ಇನ್ನೊಮ್ಮೆ ಕುದಿಸಬೇಕು. ಕಂಫರ್ಟ್ ಥರದ ಸಾಫ್ಟ್‌ನರ್ ಈ ಹಂತದಲ್ಲಿ ಹಾಕಲೇಬೇಡಿ.

ಕುದಿಸಿದಾಗ ಹತ್ತಿ ಬಟ್ಟೆ ನೂರಕ್ಕೆ 3ರಿಂದ 8ರಷ್ಟು ಕುಗ್ಗುತ್ತದೆ. ಐದೂವರೆ ಮೀಟರ್ ಸೀರೆ ಬೇಕಾದರೆ ಕತ್ತರಿ ಹಾಕುವ ಮೊದಲೇ ಕುದಿಸಿ.

ನೀರು ಅಷ್ಟೊಂದು ಮುಖ್ಯವೇ?

ಶಹಾಬಾದ್, ಸೇಡಂ, ಚಿತ್ತಾಪುರದ ಕಡೆ ನೆಲದಡಿ ಸುಣ್ಣದ ಕಲ್ಲೇ ಹಾಸಿದೆ. ಸಿಮೆಂಟ್ ಕಾರ್ಖಾನೆಗಳು ಅಲ್ಲಿಗೆ ಬಂದದ್ದೂ ಅದಕ್ಕೇ. ಆ ಕಲ್ಲಿನ ನಡುವಿಂದ ಬಂದ ನೀರಿನಲ್ಲಿ ಕ್ಯಾಲ್ಸಿಯಂ ಇರದೇ ಹೋಗುವುದಿಲ್ಲ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ.

ರಿಯಾಕ್ಟಿವ್ ಪೇಸ್ಟಿನಲ್ಲಿ ದಪ್ಪಕ್ಕೆ ಹಾಕುವ ಸೋಡಿಯಂ ಆಲ್ಜಿನೇಟ್ ಕ್ಯಾಲ್ಸಿಯಂ ಕಂಡರೆ ಒಡೆದ ಹಾಲಿನ ಹಾಗೆ ಗಂಟು ಗಂಟಾಗುತ್ತದೆ. ಆ ಗಂಟು ಸ್ಕ್ರೀನಿನ, ಅಂದರೆ ಬಣ್ಣ ಇಳಿಸಲು ಚೌಕಟ್ಟಿಗೆ ಬಿಗಿದ ಜಾಲರಿಯ, ಕಣ್ಣು ಮುಚ್ಚುತ್ತದೆ, ಪ್ರಿಂಟಿನಲ್ಲಿ ಬಿಳಿ ಚುಕ್ಕೆ ಬೀಳುತ್ತದೆ. ಕಲೆಸುವುದು ಸರಿಯಾಗಲಿಲ್ಲ ಎಂದುಕೊಂಡು ಇನ್ನಷ್ಟು ಕಲೆಸುತ್ತಾರೆ, ಹೋಗುವುದಿಲ್ಲ. ಪರಿಹಾರ: ಆಲ್ಜಿನೇಟ್ ಹಾಕುವ ಮೊದಲೇ ನೀರಿಗೆ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಸೇರಿಸಿ, ಅಂಗಡಿಯಲ್ಲಿ ಕ್ಯಾಲ್ಗಾನ್ ಎಂದೂ ಕೇಳಬಹುದು. 1 ಕಿಲೋ ಪೇಸ್ಟಿಗೆ 5 ಗ್ರಾಂ ಸಾಕು. ಗಂಟಾದ ಮೇಲೆ ಹಾಕಿದರೆ ಅಷ್ಟು ಪ್ರಯೋಜನವಿಲ್ಲ. ಇನ್ನೂ ಸುಲಭ ದಾರಿ, ಪೇಸ್ಟಿಗೆ ಮಾತ್ರ ಕ್ಯಾನಿನ ಆರ್‌ಓ ನೀರು. 1 ಕಿಲೋ ಪೇಸ್ಟಿಗೆ ಒಂದು ಲೀಟರ್ ಸಹ ಬೇಕಾಗುವುದಿಲ್ಲ, 20 ಲೀಟರಿನ ಒಂದು ಕ್ಯಾನು ಬಹಳ ದಿನ ಬಾಳುತ್ತದೆ. ಮಳೆಗಾಲದಲ್ಲಿ ಮಾಳಿಗೆಯ ನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ.

ಬೀದರಿನ ಜಂಬಿಟ್ಟಿಗೆ ಕಲ್ಲಿನ ನೆಲದವರು ನೋಡಿಕೊಳ್ಳಬೇಕಾದದ್ದು ಕಬ್ಬಿಣ. ಒಂದು ಲೋಟ ನೀರಿಗೆ ಹಾಲಿಲ್ಲದ ಗಟ್ಟಿ ಚಹಾ ಎರಡು ಚಮಚ ಹಾಕಿ ಅರ್ಧ ಗಂಟೆ ಬಿಡಿ. ಬೂದುಗಪ್ಪಿಗೆ ತಿರುಗಿದರೆ ಕಬ್ಬಿಣ ಇದೆ, ಆ ನೀರಲ್ಲಿ ನೈಸರ್ಗಿಕ ಕೆಂಪು ಎಂದೂ ಶುದ್ಧವಾಗಿ ಬರುವುದಿಲ್ಲ, ಕಂದಿ ಹೋಗುತ್ತದೆ.

ನಮ್ಮ ಬಿಸಿಲಿಗೇ ಪಿಗ್ಮೆಂಟ್ ಗಟ್ಟಿಯಾಗುತ್ತದಲ್ಲ, ಮತ್ತೆ ಕ್ಯೂರಿಂಗ್ ಯಾಕೆ?

ಆಗುವುದಿಲ್ಲ. ಒಣಗುವುದು ಬೇರೆ, ಕ್ಯೂರ್ ಆಗುವುದು, ಅಂದರೆ ಬಿಸಿಗೆ ಅಂಟು ಬಲಿಯುವುದು, ಬೇರೆ. ಮೇ ತಿಂಗಳಲ್ಲಿ ಗಾಳಿಯ ಉಷ್ಣ 43 ಡಿಗ್ರಿ ಮುಟ್ಟಿದಾಗ ಮಾಳಿಗೆಯ ಮೇಲೆ ಹರವಿದ ಬಟ್ಟೆ ಹೆಚ್ಚೆಂದರೆ 60–70 ಡಿಗ್ರಿ ಕಾಣಬಹುದು. ಬೈಂಡರಿನ, ಅಂದರೆ ಪಿಗ್ಮೆಂಟನ್ನು ಹಿಡಿದಿಡುವ ಅಂಟಿನ, ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳಲು 150 ಡಿಗ್ರಿಯಲ್ಲಿ 3ರಿಂದ 5 ನಿಮಿಷ ಬೇಕು. ಬಿಸಿಲಿಗೆ ಒಣಗಿದ್ದು ಕೈಗೆ ಗಟ್ಟಿ ಅನ್ನಿಸುತ್ತದೆ, ಮೂರನೇ ಒಗೆತಕ್ಕೆ ಬಣ್ಣ ಪುಡಿಯಾಗಿ ಉದುರಲು ಶುರುವಾಗುತ್ತದೆ, ಅಷ್ಟರಲ್ಲಿ ಗಿರಾಕಿ ವಾಪಸ್ ಬಂದಿರುತ್ತಾರೆ.

ಯಂತ್ರ ಇಲ್ಲದಿದ್ದರೆ ಇಸ್ತ್ರಿ ಸಾಕು, ತಾಳ್ಮೆ ಬೇಕು. ಪ್ರಿಂಟ್ ಪೂರ್ತಿ ಒಣಗಿ ಒಂದು ದಿನ ಆದ ಮೇಲೆ ಬಟ್ಟೆ ತಿರುವಿ, ಕಾಟನ್ ಸೆಟ್ಟಿಂಗಿನಲ್ಲಿ, ಹಬೆ ಬಿಡದೆ, ಪ್ರತಿ ಜಾಗವನ್ನೂ 4–5 ನಿಮಿಷ ಒತ್ತಿ. ಹೀಟ್ ಪ್ರೆಸ್ ಇದ್ದರೆ 155–160 ಡಿಗ್ರಿಯಲ್ಲಿ ಬೇಕಿಂಗ್ ಪೇಪರ್ ಇಟ್ಟು ಎರಡು ಮೂರು ನಿಮಿಷ. ಮೊದಲ ಒಗೆತ ಮೂರು ದಿನದ ನಂತರ.

ಬಿಸಿಲು ಕೆಲಸಕ್ಕೆ ಬರುವುದು ಬೇರೆ ಕಡೆ: ಕುದಿಸಿದ ಬಟ್ಟೆ ಒಣಗಿಸಲು, ಅಳಲೆಕಾಯಿ ಹಾಕಿದ ಬಟ್ಟೆ ಒಣಗಿಸಲು, ಸ್ಕ್ರೀನ್ ಎಕ್ಸ್‌ಪೋಸ್ ಮಾಡಲು, ಅಂದರೆ ಬೆಳಕಿಗೆ ಹಿಡಿದು ಅದರಲ್ಲಿ ಚಿತ್ರ ಮೂಡಿಸಲು. ಅಲ್ಲಿ ಅದು ಪುಕ್ಕಟೆ ಸಿಗುವ ಯಂತ್ರ.

ಪಿಗ್ಮೆಂಟ್ ಪೇಸ್ಟ್ ಮನೆಯಲ್ಲೇ ಮಾಡಿಕೊಳ್ಳುವ ಅಳತೆ ಹೇಳಿ.

1 ಕಿಲೋ ಪೇಸ್ಟಿಗೆ: ಬೈಂಡರ್ 150 ಗ್ರಾಂ, ದಪ್ಪಕ್ಕೆ ಸಿಂಥೆಟಿಕ್ ಥಿಕ್ನರ್ 15–20 ಗ್ರಾಂ, ಯೂರಿಯಾ 30 ಗ್ರಾಂ, ಲಿಕರ್ ಅಮೋನಿಯಾ 5 ಮಿಲಿ, ಬೈಂಡರನ್ನು ಬಲಪಡಿಸುವ ಫಿಕ್ಸರ್ 15 ಗ್ರಾಂ, ಪಿಗ್ಮೆಂಟ್ 10ರಿಂದ 50 ಗ್ರಾಂ, ಉಳಿದದ್ದು ನೀರು. ಕ್ರಮ ತಪ್ಪಿಸಬೇಡಿ. ನೀರಿಗೆ ಯೂರಿಯಾ ಕರಗಿಸಿ, ಅಮೋನಿಯಾ, ಬೈಂಡರ್ ಹಾಕಿ, ಆಮೇಲೆ ಥಿಕ್ನರನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಹತ್ತು ನಿಮಿಷ ಮಥಿಸಿ. ಮೊಸರಿನ ಹದಕ್ಕೆ ಬಂದ ಮೇಲೆ ಪಿಗ್ಮೆಂಟ್. ಫಿಕ್ಸರ್ ಕೊನೆಗೆ, ಅಂದಂದು ಬಳಸುವಷ್ಟಕ್ಕೆ ಮಾತ್ರ.

ಬಣ್ಣ ಗಾಢ ಬರಲಿ ಅಂತ ಪಿಗ್ಮೆಂಟನ್ನೇ ಏರಿಸುತ್ತಾ ಹೋಗುವುದು ಎಲ್ಲರೂ ಮಾಡುವ ತಪ್ಪು. ಬೈಂಡರಿಗೆ ಹಿಡಿದಿಡುವ ಶಕ್ತಿ ಒಂದು ಮಿತಿಯವರೆಗೆ. ಅದು ದಾಟಿದರೆ ಬಿಳಿ ಕರವಸ್ತ್ರದಿಂದ ಉಜ್ಜಿದಾಗ ಬಣ್ಣ ಬರುತ್ತದೆ. ಕಪ್ಪು, ಕಡುನೀಲಿ, ಮರೂನ್‌ನಲ್ಲಿ ಇದು ಹೆಚ್ಚು. ಮೈತುಂಬ ಗಾಢ ಬಣ್ಣ ಬೇಕಿದ್ದರೆ ಅದು ಪಿಗ್ಮೆಂಟಿನ ಕೆಲಸವಲ್ಲ, ರಿಯಾಕ್ಟಿವ್‌ಗೆ ಹೋಗಿ.

ಕಪ್ಪು ಬಟ್ಟೆಯ ಮೇಲೆ ಬಿಳಿ, ಹಳದಿ ಕಾಣಬೇಕಾದರೆ ಮಾರುಕಟ್ಟೆಯಲ್ಲಿ ಖಾದಿ ಪೇಸ್ಟ್ ಎನ್ನುವುದನ್ನು ಕೇಳಿ. ಹೆಸರಿಗೂ ಖಾದಿ ಬಟ್ಟೆಗೂ ಸಂಬಂಧವಿಲ್ಲ, ಅದು ಟೈಟಾನಿಯಂ ಡೈಆಕ್ಸೈಡ್ ತುಂಬಿದ ದಪ್ಪ ಬಿಳಿ.

ಹೊಲಕ್ಕೆ ತಂದ ಯೂರಿಯಾ ಮನೆಯಲ್ಲಿದೆ. ಅದನ್ನೇ ಹಾಕಬಹುದೇ?

ಬೇಡ, ಎರಡು ಕಾರಣಕ್ಕೆ. ರೈತರಿಗೆ ಸಿಗುವ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಇರುತ್ತದೆ, ಆ ಎಣ್ಣೆ ಪೇಸ್ಟಿನ ಮೇಲೆ ತೇಲಿ ಪ್ರಿಂಟಿನಲ್ಲಿ ಕಲೆ ಬಿಡುತ್ತದೆ. ಜೊತೆಗೆ ಸಬ್ಸಿಡಿ ಗೊಬ್ಬರವನ್ನು ಕೃಷಿ ಬಿಟ್ಟು ಬೇರೆ ಉದ್ದಿಮೆಗೆ ಬಳಸುವುದು ಕಾನೂನಿನಲ್ಲಿ ಅಪರಾಧ. ಕೆಮಿಕಲ್ ಅಂಗಡಿಯಲ್ಲಿ ಟೆಕ್ನಿಕಲ್ ಗ್ರೇಡ್ ಯೂರಿಯಾ ಎಂದು ಕೇಳಿ.

ಸ್ಕ್ರೀನ್ ಕಣ್ಣು ಪದೇ ಪದೇ ಮುಚ್ಚಿಕೊಳ್ಳುತ್ತದೆ. ಏನು ಮಾಡುವುದು?

ಏಪ್ರಿಲ್‌ನಲ್ಲಿ ಬಂದ ಪ್ರಶ್ನೆಯಾದರೆ ಉತ್ತರ ಒಂದೇ: ಪೇಸ್ಟ್ ಸ್ಕ್ರೀನಿನಲ್ಲೇ ಒಣಗುತ್ತಿದೆ. ಪ್ರತಿ ಕಿಲೋಗೆ 20–30 ಗ್ರಾಂ ಗ್ಲಿಸರಿನ್ ಸೇರಿಸಿ. ಒಂದು ಪ್ರಿಂಟ್ ಎಳೆದ ಮೇಲೆ ಸ್ಕ್ರೀನ್ ಎತ್ತಿ, ಒತ್ತಡವಿಲ್ಲದೆ ಪೇಸ್ಟನ್ನು ಮತ್ತೊಮ್ಮೆ ಮೇಲೆ ಹರಡಿ ಬಿಡಿ, ಆಗ ಕಣ್ಣುಗಳು ಹಸಿಯಾಗಿಯೇ ಉಳಿಯುತ್ತವೆ. ಫ್ಯಾನಿನ ಗಾಳಿ ನೇರ ಸ್ಕ್ರೀನಿಗೆ ಬೀಳಬಾರದು. ಚಹಾಕ್ಕೆ ಏಳುವ ಮುಂಚೆ ಸ್ಕ್ರೀನ್ ತೊಳೆಯಿರಿ ಅಥವಾ ಒದ್ದೆ ಬಟ್ಟೆ ಹೊದಿಸಿ. ಬೇಸಿಗೆಯಲ್ಲಿ ಬೆಳಿಗ್ಗೆ 6ರಿಂದ 10 ಕೆಲಸ ಮಾಡಿ ಮಧ್ಯಾಹ್ನ ಬಿಡುವುದೇ ಜಾಣತನ.

ಮಳೆಗಾಲದಲ್ಲೂ ಮುಚ್ಚುತ್ತಿದ್ದರೆ ಜಾಲರಿ ಸಣ್ಣದಾಗಿದೆ ಎಂದರ್ಥ. ಸೆಂಟಿಮೀಟರಿಗೆ 43 ಎಳೆಯ ಜಾಲರಿ ಸಾಮಾನ್ಯ ಹೂ ಬಳ್ಳಿಗೆ, 55 ಸಣ್ಣ ವಿವರಕ್ಕೆ, 77 ಕೂದಲೆಳೆಯಂಥ ಗೆರೆಗೆ. ಖಾದಿ ಪೇಸ್ಟಿಗೆ 43ಕ್ಕಿಂತ ಮೇಲೆ ಹೋಗಬೇಡಿ, ಗ್ಲಿಟರ್‌ಗೆ ಇನ್ನೂ ದೊಡ್ಡ ಕಣ್ಣು ಬೇಕು. ಅಂಗಡಿಯವರು ಕೆಲವರು ಇಂಚಿನ ಲೆಕ್ಕ ಹೇಳುತ್ತಾರೆ: 43 ಎಂದರೆ ಇಂಚಿಗೆ ಸುಮಾರು 110.

ಸ್ಕ್ರೀನ್ ನಾವೇ ತಯಾರಿಸಬಹುದೇ? ಎಮಲ್ಷನ್ ತೊಳೆದಾಗ ಚಿತ್ರ ಬಿಡುವುದೇ ಇಲ್ಲ.

ತಯಾರಿಸಬಹುದು. ಎಮಲ್ಷನ್ ಎಂದರೆ ಬೆಳಕು ಬಿದ್ದರೆ ಗಟ್ಟಿಯಾಗುವ ಲೇಪ. ಚಿತ್ರದ ಫಿಲ್ಮ್ ಇಟ್ಟು ಬೆಳಕಿಗೆ ಹಿಡಿದರೆ, ಫಿಲ್ಮಿನ ಕಪ್ಪಿನಡಿ ಇದ್ದ ಲೇಪ ತೊಳೆದಾಗ ಬಿಟ್ಟು ಚಿತ್ರ ತೆರೆದುಕೊಳ್ಳಬೇಕು. ಚಿತ್ರ ಬಿಡದಿರುವುದಕ್ಕೆ ನಮ್ಮ ಕಡೆ ದೊಡ್ಡ ಕಾರಣ ಸೆಕೆ. ಬೆಳಕಿಗೆ ಗಟ್ಟಿಯಾಗಲೆಂದು ಡೈಕ್ರೋಮೇಟ್ ಬೆರೆಸಿದ ಎಮಲ್ಷನ್ ಕತ್ತಲಲ್ಲಿಟ್ಟರೂ ಬಿಸಿಗೆ ತಾನಾಗಿ ಗಟ್ಟಿಯಾಗುತ್ತದೆ. ಮಧ್ಯಾಹ್ನ ಹಚ್ಚಿ ಮರುದಿನ ಎಕ್ಸ್‌ಪೋಸ್ ಮಾಡಿದರೆ ಬಿಡುವುದು ಹೇಗೆ? ರಾತ್ರಿ ತಣ್ಣಗಾದ ಮೇಲೆ ಹಚ್ಚಿ, ಫ್ಯಾನ್ ಕೆಳಗೆ ಕತ್ತಲಲ್ಲಿ ಒಣಗಿಸಿ, ಬೆಳಿಗ್ಗೆಯೇ ಮುಗಿಸಿ. ಸಾಧ್ಯವಿದ್ದರೆ ಡಯಾಜೊ ಎಮಲ್ಷನ್‌ಗೆ ಬದಲಾಗಿ. ದುಬಾರಿ, ಆದರೆ ಹೆಚ್ಚು ದಿನ ತಾಳುತ್ತದೆ. ಡೈಕ್ರೋಮೇಟಿನ ಕ್ರೋಮಿಯಂ ಚರ್ಮಕ್ಕೂ ನೀರಿಗೂ ವಿಷ, ಬರಿಗೈಲಿ ಮುಟ್ಟುವ ವಸ್ತುವಲ್ಲ.

ಹಚ್ಚುವ ಮೊದಲು ಜಾಲರಿಯನ್ನು ಡಿಟರ್ಜೆಂಟಿನಿಂದ ಉಜ್ಜಿ ಜಿಡ್ಡು ತೆಗೆಯಿರಿ. ಹೊರಗೆ ಒಂದು ಕೋಟ್, ಒಳಗೆ ಒಂದು ಕೋಟ್, ತೆಳ್ಳಗೆ. ಬಿಸಿಲಲ್ಲಿ ಎಕ್ಸ್‌ಪೋಸ್ ಮಾಡುವವರು ಪ್ರತಿ ಹೊಸ ಡಬ್ಬಿಗೂ ಪರೀಕ್ಷೆ ಮಾಡಿಕೊಳ್ಳಬೇಕು: ಫಿಲ್ಮ್ ಮೇಲೆ ರಟ್ಟು ಮುಚ್ಚಿ, ಹತ್ತು ಸೆಕೆಂಡಿಗೊಮ್ಮೆ ಎರಡಿಂಚು ಸರಿಸುತ್ತಾ ಹೋಗಿ, ತೊಳೆದು ನೋಡಿ. ಯಾವ ಪಟ್ಟಿಯಲ್ಲಿ ಗೆರೆ ಚೂಪಾಗಿದ್ದು ಎಮಲ್ಷನ್ ಜಾರುವುದಿಲ್ಲವೋ ಅದೇ ನಿಮ್ಮ ಸಮಯ. ಡಿಸೆಂಬರಿನ ಸಮಯ ಮೇಗೆ ನಡೆಯುವುದಿಲ್ಲ, ಹತ್ತು ಗಂಟೆಯದು ಹನ್ನೆರಡಕ್ಕೆ ನಡೆಯುವುದಿಲ್ಲ. ಫಿಲ್ಮಿನ ಕಪ್ಪು ನಿಜವಾಗಿ ಕಪ್ಪೇ ಎಂದು ಬೆಳಕಿಗೆ ಹಿಡಿದು ನೋಡಿ, ಝೆರಾಕ್ಸ್ ಅಂಗಡಿಯ ಪಾರದರ್ಶಕ ಹಾಳೆಯಲ್ಲಿ ಎಷ್ಟೋ ಸಲ ಬೆಳಕು ಸೋರುತ್ತದೆ.

ಫ್ರೇಮ್ ಅಲ್ಯುಮಿನಿಯಂ ಇರಲಿ. ಮರದ್ದು ನಮ್ಮ ಒಣ ಗಾಳಿಗೆ ಸೊಟ್ಟಗಾಗಿ ಎರಡನೇ ಬಣ್ಣ ಮೊದಲನೆಯದರ ಮೇಲೆ ಕೂರುವುದಿಲ್ಲ. ಜಾಲರಿ ಪಾಲಿಯೆಸ್ಟರ್ ತೆಗೆದುಕೊಳ್ಳಿ. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ.

ಅಚ್ಚಿನ ಮುದ್ರಣಕ್ಕೆ ಏನೇನು ಬೇಕು?

ಮೇಜು ಎಲ್ಲಕ್ಕಿಂತ ಮುಖ್ಯ, ಅದು ಅಲುಗಬಾರದು. ಈ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು: ಶಹಾಬಾದ್ ಪರಸಿ ಕಲ್ಲು ಹಾಸಿದ ಕಟ್ಟೆಯಷ್ಟು ಸಮತಟ್ಟಾದ, ಭಾರದ ಮೇಜು ಬೇರೆ ಕಡೆ ಹಣ ಕೊಟ್ಟರೂ ಕಷ್ಟ. ಅದರ ಮೇಲೆ ಗೋಣಿತಟ್ಟು ನಾಲ್ಕೈದು ಪದರ, ಹಳೆಯ ಕಂಬಳಿ ಒಂದು, ಮೇಲೆ ಒಗೆಯಬಹುದಾದ ಹತ್ತಿ ಬಟ್ಟೆ ಬಿಗಿಯಾಗಿ. ಹಾಸು ಗಟ್ಟಿಯಾದರೆ ಅಚ್ಚಿನ ಮಧ್ಯ ಮೂಡುವುದಿಲ್ಲ, ತೀರಾ ಮೆತ್ತಗಾದರೆ ಗೆರೆ ಹರಡುತ್ತದೆ. ಕಲ್ಲು ಸುಣ್ಣದ್ದು, ಆ್ಯಸಿಡ್ ಚೆಲ್ಲಿದರೆ ತಿಂದು ಹೋಗುತ್ತದೆ ಎಂಬುದು ನೆನಪಿರಲಿ.

ಅಚ್ಚು ಸಾಗವಾನಿ ಅಥವಾ ಶೀಶಂ ಮರದ್ದು. ಗುಜರಾತಿನ ಪೇಥಾಪುರ ಅಚ್ಚು ಕೆತ್ತುವುದಕ್ಕೆ ಹೆಸರಾದ ಊರು. ಹೊಸ ಅಚ್ಚನ್ನು ಹತ್ತು ಹದಿನೈದು ದಿನ ಎಣ್ಣೆಯಲ್ಲಿ ನೆನೆಸಿಟ್ಟು ಬಳಸಬೇಕು. ಈ ಹಂತ ಬಿಟ್ಟರೆ ಒಂದೇ ಬೇಸಿಗೆಗೆ ಸೀಳು ಬಿಡುತ್ತದೆ. ಕೆಲಸ ಮುಗಿದ ಮೇಲೆ ಹಲ್ಲುಜ್ಜುವ ಹಳೇ ಬ್ರಷ್‌ನಿಂದ ತಿಕ್ಕಿ ತೊಳೆದು ನೆರಳಲ್ಲಿ ಮುಖ ಕೆಳಗೆ ಮಾಡಿ ಒಣಗಿಸಿ. ನೀರಲ್ಲಿ ನೆನೆಹಾಕಬೇಡಿ, ಬಿಸಿಲಿಗೂ ಇಡಬೇಡಿ.

ಬಣ್ಣದ ತಟ್ಟೆಯಲ್ಲಿ ಪೇಸ್ಟಿನ ಮೇಲೆ ಜಾಲರಿ, ಅದರ ಮೇಲೆ ಎರಡು ಪದರ ಕಂಬಳಿ ಚೂರು, ಮೇಲೆ ಮಸ್ಲಿನ್. ಅಚ್ಚನ್ನು ಎರಡು ಸಲ ಹಗುರಾಗಿ ತಟ್ಟಿ ಬಣ್ಣ ತಗೊಂಡು, ಬಟ್ಟೆ ಮೇಲಿಟ್ಟು ಅಂಗೈ ಬುಡದಿಂದ ಒಂದು ಪೆಟ್ಟು. ಎಳೆಯಬೇಡಿ, ನೇರ ಮೇಲೆತ್ತಿ. ಮೊದಲು ರೇಖ್, ಅಂದರೆ ಹೊರಗೆರೆ. ನಂತರ ಗದ್, ಅಂದರೆ ಹಿನ್ನೆಲೆ. ಕೊನೆಗೆ ದತ್ತ, ಒಳಗಿನ ತುಂಬುವಿಕೆ. ದೊಡ್ಡ ಅಚ್ಚಿನಲ್ಲಿ ಹಿಂದೆ ಮುಂದೆ ತೂತು ಕೊರೆಸಿರಬೇಕು. ಗಾಳಿ ಹೋಗಲು ದಾರಿಯಿಲ್ಲದಿದ್ದರೆ ಒಳಗೆ ಗುಳ್ಳೆ ಸಿಕ್ಕಿ ಬಿಳಿ ಮಚ್ಚೆ ಬೀಳುತ್ತದೆ.

ರಿಯಾಕ್ಟಿವ್ ಪ್ರಿಂಟಿಂಗ್‌ನ ಪೂರ್ತಿ ವಿಧಾನ?

1 ಕಿಲೋ ಪೇಸ್ಟಿಗೆ ಎಚ್ ಬ್ರಾಂಡ್ (ರಿಯಾಕ್ಟಿವ್‌ನಲ್ಲಿ ನಿಧಾನ ಜಾತಿ) ಬಣ್ಣ 20–30 ಗ್ರಾಂ, ಯೂರಿಯಾ 100–150 ಗ್ರಾಂ, ಹಬೆಯಲ್ಲಿ ಬಣ್ಣ ಕೆಡದಂತೆ ಕಾಯುವ ರೆಸಿಸ್ಟ್ ಸಾಲ್ಟ್ 10 ಗ್ರಾಂ, ಅಡುಗೆ ಸೋಡಾ 25 ಗ್ರಾಂ, ಕ್ಯಾಲ್ಗಾನ್ 5 ಗ್ರಾಂ, ಆಲ್ಜಿನೇಟ್ ಗಂಜಿ 500 ಗ್ರಾಂ, ಉಳಿದದ್ದು ನೀರು. ಆಲ್ಜಿನೇಟ್ ಗಂಜಿ ಹಿಂದಿನ ರಾತ್ರಿಯೇ ಮಾಡಿಡಿ: ಲೀಟರಿಗೆ 40–50 ಗ್ರಾಂ, ಪುಡಿ ಉದುರಿಸುತ್ತಾ ಕಡೆದು ಬಿಟ್ಟರೆ ಬೆಳಿಗ್ಗೆಗೆ ಹದವಾಗುತ್ತದೆ. ಬಣ್ಣ, ಯೂರಿಯಾವನ್ನು ಬಿಸಿನೀರಲ್ಲಿ ಕರಗಿಸಿ, ಸೋಸಿ, ಗಂಜಿಗೆ ಬೆರೆಸಿ. ಸೋಡಾ ತಣ್ಣಗಾದ ಮೇಲೆ, ಕೊನೆಗೆ.

ಮೈದಾ, ಜೋಳದ ಗಂಜಿ ಯಾಕೆ ಬೇಡ ಎಂದು ಬಹಳ ಜನ ಕೇಳುತ್ತಾರೆ. ರಿಯಾಕ್ಟಿವ್ ಬಣ್ಣ ಹತ್ತಿಯನ್ನು ಹಿಡಿಯುವ ರೀತಿಯಲ್ಲೇ ಪಿಷ್ಟವನ್ನೂ ಹಿಡಿಯುತ್ತದೆ. ಆಗ ಬಣ್ಣ ಗಂಜಿಯ ಪಾಲಾಗಿ, ಗಂಜಿ ಬಟ್ಟೆಯಿಂದ ಹೋಗದೆ, ಸೀರೆ ರಟ್ಟಿನ ಹಾಗಾಗುತ್ತದೆ. ಆಲ್ಜಿನೇಟ್ ಜೊತೆ ಬಣ್ಣ ಬೆರೆಯುವುದಿಲ್ಲ, ಒಗೆದರೆ ಪೂರ್ತಿ ಹೋಗುತ್ತದೆ.

ಎಂ ಬ್ರಾಂಡ್ ಬಣ್ಣ ಅಗ್ಗಕ್ಕೆ ಸಿಕ್ಕಿತೆಂದು ಪೇಸ್ಟಿಗೆ ಹಾಕಬೇಡಿ. ಅದು ಚುರುಕು ಜಾತಿ, ಸೋಡಾ ಸೇರಿದ ಕೂಡಲೇ ನೀರಿನ ಜೊತೆಯೇ ಕೂಡಿಕೊಂಡು ಸತ್ತುಹೋಗುತ್ತದೆ. ನಮ್ಮ ಬೇಸಿಗೆಯಲ್ಲಿ ಬೆಳಿಗ್ಗೆ ಮಾಡಿದ ಪೇಸ್ಟ್ ಮಧ್ಯಾಹ್ನಕ್ಕೆ ನಿರ್ಜೀವ. ಎಂ ಬ್ರಾಂಡ್ ಕಟ್ಟಿ ಅದ್ದುವ ಟೈ ಆ್ಯಂಡ್ ಡೈ ಕೆಲಸಕ್ಕೆ ಚೆಂದ.

ಪ್ರಿಂಟ್ ಒಣಗಿದ ಮೇಲೆ ಹಬೆ. ದೊಡ್ಡ ಕೊಳಗದಲ್ಲಿ ನಾಲ್ಕು ಇಂಚು ನೀರು, ಮೇಲೆ ಸ್ಟ್ಯಾಂಡ್. ಬಟ್ಟೆಯನ್ನು ಹಳೇ ಪತ್ರಿಕೆಯ ಹಾಳೆಗಳ ನಡುವೆ ಇಟ್ಟು, ಪ್ರಿಂಟಿಗೆ ಪ್ರಿಂಟ್ ತಾಗದಂತೆ ಸಡಿಲವಾಗಿ ಸುತ್ತಿ. ಮುಚ್ಚಳಕ್ಕೆ ದಪ್ಪ ಟವೆಲ್ ಕಟ್ಟಿ, ಇಲ್ಲದಿದ್ದರೆ ಮುಚ್ಚಳದಿಂದ ಹನಿ ಬಿದ್ದ ಕಡೆಯೆಲ್ಲ ಬಣ್ಣ ಹರಡಿ ಕಣ್ಣೀರಿನ ಕಲೆ ಆಗುತ್ತದೆ. ಹಬೆ ಜೋರಾಗಿ ಬರತೊಡಗಿದ ಮೇಲೆ 25–30 ನಿಮಿಷ. ಕಾರ್ಖಾನೆಯ ಸ್ಟೀಮರಿನಲ್ಲಿ 102 ಡಿಗ್ರಿಗೆ 8–10 ನಿಮಿಷ ಸಾಕು.

ಯೂರಿಯಾದ ಕೆಲಸ ಹಬೆಯಲ್ಲಿ ತೇವ ಎಳೆದು ಬಣ್ಣ ಕರಗಿಸುವುದು. ಬೇಸಿಗೆಯಲ್ಲಿ ಮೇಲಿನ ಅಳತೆ, ಅಂದರೆ 150, ಹಾಕಿ. ಜುಲೈ ಆಗಸ್ಟಿನಲ್ಲಿ 100ಕ್ಕೆ ಇಳಿಸಿ, ಇಲ್ಲದಿದ್ದರೆ ಅಂಚು ಹರಡುತ್ತದೆ.

ಒಗೆಯುವುದು ಅವಸರದ ಕೆಲಸವಲ್ಲ, ಆದರೆ ಮೊದಲ ಅದ್ದು ಮಾತ್ರ ಅವಸರದ್ದೇ. ಹೇರಳವಾದ ತಣ್ಣೀರಿನಲ್ಲಿ ಬಟ್ಟೆ ಹರವಿ, ಅಲ್ಲಾಡಿಸುತ್ತಾ, ನೀರು ಬದಲಿಸುತ್ತಾ ಹೋಗಿ. ಬಕೆಟ್ಟಿನಲ್ಲಿ ಮುದ್ದೆ ಮಾಡಿ ಬಿಟ್ಟರೆ ಬಿಟ್ಟ ಬಣ್ಣ ಬಿಳಿ ಜಾಗಕ್ಕೆ ಹತ್ತುತ್ತದೆ, ಅದು ಆಮೇಲೆ ಹೋಗುವುದಿಲ್ಲ. ನೀರು ತಿಳಿಯಾದ ಮೇಲೆ ಲೀಟರಿಗೆ 2 ಗ್ರಾಂ ಡಿಟರ್ಜೆಂಟ್ ಹಾಕಿ ಹತ್ತು ನಿಮಿಷ ಕುದಿಸಿ, ಮತ್ತೆ ತಣ್ಣೀರು. ಕುದಿಸದೇ ಬಿಟ್ಟವರ ಸೀರೆ ಗಿರಾಕಿಯ ಮನೆಯಲ್ಲಿ ಬಣ್ಣ ಬಿಡುತ್ತದೆ.

ನೈಸರ್ಗಿಕ ಕಪ್ಪು, ಕೆಂಪು ಇಲ್ಲೇ ಸಿಗುವ ಸಾಮಾನಿನಲ್ಲಿ ಆಗುತ್ತದೆಯೇ?

ಬಹುಪಾಲು ಆಗುತ್ತದೆ. ಗ್ರಂಥಿಗೆ ಅಂಗಡಿಯ ಅಳಲೆಕಾಯಿ, ಪಟಿಕ, ಮಂಜಿಷ್ಠ. ಬೆಲ್ಲ, ಹುಣಸೆಬೀಜ, ಜಾಲಿ ಅಂಟು ಊರಲ್ಲೇ ಇವೆ.

ಮೊದಲು 1 ಕಿಲೋ ಬಟ್ಟೆಗೆ 200 ಗ್ರಾಂ ಅಳಲೆಕಾಯಿ ಪುಡಿ, 10 ಲೀಟರ್ ನೀರು. ಅರ್ಧ ಗಂಟೆ ನೆನೆಸಿ, ಹಿಂಡಿ, ತೊಳೆಯದೆ ಬಿಸಿಲಿಗೆ ಹರವಿ. ಬಟ್ಟೆ ಹಳದಿಯಾಗಿ ಕಾಣುತ್ತದೆ. ಕಪ್ಪಿಗೆ ತುಕ್ಕು ಹಿಡಿದ ಕಬ್ಬಿಣದ ಚೂರು 1 ಕಿಲೋ, ಬೆಲ್ಲ ಅರ್ಧ ಕಿಲೋ, ನೀರು 5 ಲೀಟರ್, ಮಣ್ಣಿನ ಗಡಿಗೆಯಲ್ಲಿ. ಚಳಿಗಾಲದಲ್ಲಿ ಮೂರು ವಾರ, ಬೇಸಿಗೆಯಲ್ಲಿ ಹತ್ತು ದಿನಕ್ಕೇ ಹದವಾಗಿ ಹುಳಿ ವಾಸನೆ ಬರುತ್ತದೆ. ಸೋಸಿ, ಹುಣಸೆಬೀಜದ ಹಿಟ್ಟು ಹಾಕಿ ಕುದಿಸಿ ದಪ್ಪ ಮಾಡಿ. ಅಚ್ಚೊತ್ತಿದಾಗ ಬೂದಿಯ ಹಾಗಿದ್ದು, ಗಾಳಿಗೆ ನಿಧಾನ ಕಪ್ಪೇರುತ್ತದೆ. ಅಳಲೆಯ ಒಗರಿಗೂ ಕಬ್ಬಿಣಕ್ಕೂ ಆಗುವ ಕೂಡಿಕೆ ಅದು. ಕಬ್ಬಿಣ ಅತಿಯಾದರೆ ವರ್ಷದೊಳಗೆ ಕಪ್ಪಿದ್ದ ಕಡೆಯೇ ಬಟ್ಟೆ ಜೀರ್ಣವಾಗಿ ಹರಿಯುತ್ತದೆ, ಹಳೆಯ ಕಲಂಕಾರಿ ಬಟ್ಟೆಗಳಲ್ಲಿ ಕಪ್ಪು ಗೆರೆಯ ಜಾಗದಲ್ಲಿ ತೂತು ಕಾಣುವುದು ಇದಕ್ಕೇ.

ಕೆಂಪಿಗೆ ಲೀಟರಿಗೆ 120 ಗ್ರಾಂ ಪಟಿಕ, ಜಾಲಿ ಅಂಟಿನಿಂದ ದಪ್ಪ. ಒತ್ತಿದ್ದು ಕಣ್ಣಿಗೆ ಕಾಣುವುದಿಲ್ಲ, ಗುರುತಿಗೆ ಚೂರು ಕಾವಿ ಬೆರೆಸಿಕೊಳ್ಳುತ್ತಾರೆ. ಮೂರು ದಿನ ಬಿಟ್ಟು, ಹರಿಯುವ ನೀರಲ್ಲಿ ತೊಳೆದು, ಮಂಜಿಷ್ಠದ ನೀರಿನಲ್ಲಿ ನಿಧಾನ ಬಿಸಿ ಏರಿಸುತ್ತಾ ಕುದಿಸಿದರೆ ಪಟಿಕ ಬಿದ್ದ ಕಡೆ ಮಾತ್ರ ಕೆಂಪು ಹಿಡಿಯುತ್ತದೆ. ಇಲ್ಲಿ ಒಂದು ತಮಾಷೆ ಇದೆ: ರಿಯಾಕ್ಟಿವ್‌ಗೆ ವೈರಿಯಾದ ನಮ್ಮ ಸುಣ್ಣದ ನೀರು ಈ ಕೆಂಪಿಗೆ ಒಳ್ಳೆಯ ಸ್ನೇಹಿತ. ಕ್ಯಾಲ್ಸಿಯಂ ಇದ್ದರೇ ಕೆಂಪು ತುಂಬಿ ಬರುತ್ತದೆ. ಮೆದು ನೀರಿನ ಊರಿನವರು ಸುಣ್ಣಪುಡಿ ಹಾಕಿಕೊಳ್ಳಬೇಕಾಗುತ್ತದೆ.

ಬಿದರಿ ವಿನ್ಯಾಸವನ್ನು ಬಟ್ಟೆ ಮೇಲೆ ತರುವುದು ಹೇಗೆ?

ಕಪ್ಪು ಲೋಹದ ಮೇಲೆ ಬೆಳ್ಳಿ ಗೆರೆ ಎಂಬ ನೋಟಕ್ಕೆ ಖಾದಿ ಪೇಸ್ಟಿಗಿಂತ ಡಿಸ್ಚಾರ್ಜ್ ಒಪ್ಪುತ್ತದೆ. ಬಿಳಿ ಬಣ್ಣ ಮೆತ್ತುವುದಲ್ಲ, ಇರುವ ಕಪ್ಪನ್ನು ಗೆರೆಯಷ್ಟೇ ಅಗಲಕ್ಕೆ ತೆಗೆದುಹಾಕುವುದು. ಕೈಗೆ ಏನೂ ತಗುಲುವುದಿಲ್ಲ. 1 ಕಿಲೋ ಪೇಸ್ಟಿಗೆ ಬಣ್ಣ ತೆಗೆಯುವ ಸಫೋಲೈಟ್ ಪುಡಿ 150–200 ಗ್ರಾಂ, ಗೋಂದಿನ ಗಂಜಿ 500 ಗ್ರಾಂ, ಉಳಿದದ್ದು ನೀರು. ಪ್ರಿಂಟ್ ಮಾಡಿದ ದಿನವೇ ಹಬೆ ಕೊಡಿ. ರಾತ್ರಿ ಬಿಟ್ಟರೆ ಗಾಳಿಯ ತೇವಕ್ಕೆ ಅದರ ಶಕ್ತಿ ಹೋಗಿ ಬಿಳಿಯ ಬದಲು ಕಂದು ಉಳಿಯುತ್ತದೆ. ಹಬೆಯಲ್ಲಿ ಫಾರ್ಮಾಲ್ಡಿಹೈಡ್ ವಾಸನೆ ಏಳುತ್ತದೆ, ಕಿಟಕಿ ತೆರೆದ ಜಾಗವೇ ಬೇಕು, ಮಕ್ಕಳಿರುವ ಅಡುಗೆಮನೆಯಲ್ಲಿ ಈ ಕೆಲಸ ಬೇಡ.

ಎಲ್ಲ ಕಪ್ಪೂ ಬಿಡುವುದಿಲ್ಲ. ರಿಯಾಕ್ಟಿವ್ ಬ್ಲ್ಯಾಕ್ ಬಿ ಚೆನ್ನಾಗಿ ಬಿಡುತ್ತದೆ, ಸಲ್ಫರ್ ಬ್ಲ್ಯಾಕ್ ಬಿಡುವುದಿಲ್ಲ. ಟರ್ಕಾಯ್ಸ್ ನೀಲಿಯೂ ಜಗ್ಗುವುದಿಲ್ಲ. ಪೂರ್ತಿ ಥಾನು ಕೊಳ್ಳುವ ಮೊದಲು ಒಂದು ಚೂರಿನ ಮೇಲೆ ಪರೀಕ್ಷಿಸಿ. ಬಿದರಿ ಕಲೆಗೆ ಜಿಐ, ಅಂದರೆ ಭೌಗೋಳಿಕ ಸೂಚಕದ, ಮಾನ್ಯತೆ ಇದೆ. ವಿನ್ಯಾಸದ ಪ್ರೇರಣೆ ಎಂದು ಹೇಳಿ ಮಾರಿ, "ಬಿದರಿ ಸೀರೆ" ಎಂದು ಹೆಸರಿಡಬೇಡಿ.

ಬಾಟಿಕ್‌ನಲ್ಲಿ (ಮೇಣ ಹಚ್ಚಿ ಬಣ್ಣ ಹಾಕುವ ಕೆಲಸ) ಬಿರುಕು ಗೆರೆ ಬರುವುದೇ ಇಲ್ಲ.

ಮೇ ತಿಂಗಳಲ್ಲಿ ಮಾಡುತ್ತಿದ್ದೀರಿ. ಮೇಣ ಮೆತ್ತಗಾದರೆ ಬಿರಿಯುವುದಿಲ್ಲ, ಬಾಗುತ್ತದೆ. ಪ್ಯಾರಾಫಿನ್ ಪಾಲು ಹೆಚ್ಚಿಸಿ, ಹಿಸುಕುವ ಮುಂಚೆ ಐಸ್ ನೀರಲ್ಲಿ ಮುಳುಗಿಸಿ, ಅಥವಾ ನವೆಂಬರ್‌ವರೆಗೆ ಕಾಯಿರಿ.

ಜಾತ್ರೆ, ಕಾಲೇಜು ಫೆಸ್ಟ್ ಟೀಶರ್ಟ್‌ಗೆ ಯಾವ ಮಿಷನ್ ಕೊಳ್ಳಬೇಕು? ಸಬ್ಲಿಮೇಶನ್ನೋ, ಡಿಟಿಎಫ್ಫೋ?

ಸಬ್ಲಿಮೇಶನ್ ಪಾಲಿಯೆಸ್ಟರ್‌ಗೆ, ಅದೂ ಬಿಳಿ ಅಥವಾ ತಿಳಿ ಬಣ್ಣಕ್ಕೆ ಮಾತ್ರ. 195–200 ಡಿಗ್ರಿ, 45–60 ಸೆಕೆಂಡ್, ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ತೆಗೆಯಬೇಕು. ಕ್ರಿಕೆಟ್ ಜರ್ಸಿಗೆ ಇದಕ್ಕಿಂತ ಚೆನ್ನಾದದ್ದಿಲ್ಲ, ಹತ್ತಿಯ ಮೇಲೆ ಮಾತ್ರ ಎರಡು ಒಗೆತಕ್ಕೆ ಮಸುಕು. ಡಿಟಿಎಫ್, ಅಂದರೆ ಡೈರೆಕ್ಟ್ ಟು ಫಿಲ್ಮ್, ಯಾವ ಬಟ್ಟೆ, ಯಾವ ಬಣ್ಣದ ಮೇಲೂ ಕೂರುತ್ತದೆ. ಫಿಲ್ಮ್ ಮೇಲೆ ಮುದ್ರಿಸಿ, ಅಂಟಿನ ಪುಡಿ ಹಚ್ಚಿ ಕರಗಿಸಿ, 150–160 ಡಿಗ್ರಿಯಲ್ಲಿ 10–15 ಸೆಕೆಂಡ್ ಒತ್ತಬೇಕು. ಆದರೆ ಎದೆ ತುಂಬ ದೊಡ್ಡ ಚಿತ್ರ ಹಾಕಿದರೆ ಪ್ಲಾಸ್ಟಿಕ್ ಹಾಳೆ ಹೊದ್ದ ಹಾಗೆ. ನಮ್ಮ ಸೆಕೆಯಲ್ಲಿ ಅದನ್ನು ಯಾರೂ ಎರಡನೇ ಸಲ ತೊಡುವುದಿಲ್ಲ.

ಡಿಟಿಎಫ್ ಕೊಳ್ಳುವವರು ಮೊದಲು ತೇವಮಾಪಕ ಕೊಳ್ಳಿ. ಪ್ರಿಂಟರಿಗೆ 45ರಿಂದ 60 ಶೇಕಡಾ ತೇವ ಬೇಕು, ಬೇಸಿಗೆಯ ಮಧ್ಯಾಹ್ನ ಇಲ್ಲಿ ಅದರ ಅರ್ಧವೂ ಇರುವುದಿಲ್ಲ. ಬಿಳಿ ಇಂಕ್ ತಲೆಯಲ್ಲೇ ಒಣಗಿ ರಂಧ್ರ ಕಟ್ಟುತ್ತದೆ, ಹೆಡ್ ಬದಲಿಸುವ ಖರ್ಚು ಲಾಭವನ್ನೆಲ್ಲ ತಿನ್ನುತ್ತದೆ. ಕೋಣೆಯ ಇನ್ನೊಂದು ತುದಿಯಲ್ಲಿ ನೀರಿನ ಕೂಲರ್ ಹಾಕಿದರೆ ತೇವ ಏರುತ್ತದೆ, ಗಾಳಿ ನೇರ ಪ್ರಿಂಟರಿಗೆ ಬೀಳದಂತೆ ನೋಡಿಕೊಳ್ಳಿ. ದಿನಾ ನಾಝಲ್ ಚೆಕ್ ಮಾಡಿ. ಹಬ್ಬಕ್ಕೆ ಊರಿಗೆ ಹೋಗಿ ವಾರ ಬಿಟ್ಟು ಬರುವ ಯಂತ್ರವಲ್ಲ ಇದು.

15 ಇಂಚಿನ ಹೀಟ್ ಪ್ರೆಸ್ ಸುಮಾರು 2 ಕಿಲೋವ್ಯಾಟ್ ಎಳೆಯುತ್ತದೆ. 16 ಆಂಪ್ ಪಾಯಿಂಟ್ ಬೇಕು, ಮನೆಯ ಇನ್ವರ್ಟರ್ ಮೇಲೆ ನಡೆಯುವುದಿಲ್ಲ.

ಒಂದೇ ಚಿತ್ರ, ಎರಡು ಬಣ್ಣ, 300 ಟೀಶರ್ಟ್ ಎಂದರೆ ಈಗಲೂ ಸ್ಕ್ರೀನೇ ಅಗ್ಗ, ಸ್ಕ್ರೀನೇ ಬಾಳಿಕೆ. ಹತ್ತು ಟೀಶರ್ಟ್, ಹತ್ತು ಬೇರೆ ಹೆಸರು ಎಂದರೆ ಡಿಜಿಟಲ್.

ಪೇಸ್ಟ್ ಎಷ್ಟು ಮಾಡಿಕೊಳ್ಳಬೇಕು?

ಮಧ್ಯಮ ದಪ್ಪದ ಹತ್ತಿ ಬಟ್ಟೆಯಲ್ಲಿ ಮೂರನೇ ಒಂದು ಭಾಗ ತುಂಬುವ ವಿನ್ಯಾಸಕ್ಕೆ ಮೀಟರಿಗೆ 40–50 ಗ್ರಾಂ ಲೆಕ್ಕ ಹಿಡಿಯಿರಿ. ಸ್ಕ್ರೀನಿನಲ್ಲಿ ಉಳಿಯುವುದಕ್ಕೆ ಮೇಲೆ 200 ಗ್ರಾಂ. ಒಂದು ಸೀರೆಗೆ ಅರ್ಧ ಕಿಲೋ ಮಾಡಿದರೆ ಸಾಕು. ನಡುವೆ ಮುಗಿದು ಮತ್ತೆ ಕಲೆಸಿದರೆ ಬಣ್ಣ ಕೂದಲೆಳೆಯಷ್ಟಾದರೂ ಬೇರೆಯಾಗುತ್ತದೆ, ಸೆರಗಿಗೂ ಒಡಲಿಗೂ ಹೊಂದುವುದಿಲ್ಲ.

ತೊಳೆದ ಬಣ್ಣದ ನೀರು ಎಲ್ಲಿ ಬಿಡುವುದು?

ಹೊಲಕ್ಕೆ, ನಾಲೆಗೆ, ಬಾವಿಯ ಪಕ್ಕ ಬೇಡ. ರಿಯಾಕ್ಟಿವ್‌ನಲ್ಲಿ ಹಾಕಿದ ಬಣ್ಣದ ಒಂದು ಪಾಲು ಬಟ್ಟೆ ಹಿಡಿಯದೆ ನೀರಿಗೇ ಬರುತ್ತದೆ, ಜೊತೆಗೆ ಉಪ್ಪು, ಯೂರಿಯಾ. ಸಣ್ಣ ಪ್ರಮಾಣದಲ್ಲಿ ಮಾಡುವವರು ಉಳಿದ ಪೇಸ್ಟನ್ನು ಸ್ಕ್ರೀನಿನಿಂದ ಕೆರೆದು ಡಬ್ಬಿಗೆ ಹಾಕಿದರೇ ಅರ್ಧ ಹೊರೆ ಇಳಿಯುತ್ತದೆ. ದಿನವೂ ಡೈ ಹಾಕುವ ಘಟಕ ನಡೆಸುವುದಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ಶೆಡ್ ಕಟ್ಟುವ ಮೊದಲೇ ವಿಚಾರಿಸಿ. ಡೈಕ್ರೋಮೇಟ್ ನೀರು ಮಾತ್ರ ಯಾವ ಚರಂಡಿಗೂ ಅಲ್ಲ, ಬೇರೆ ಕ್ಯಾನಿನಲ್ಲಿ ಕೂಡಿಡಿ.

ಗಿರಾಕಿಗೆ ಒಗೆಯುವ ಬಗ್ಗೆ ಏನು ಹೇಳಿ ಕೊಡಬೇಕು?

ಪಿಗ್ಮೆಂಟ್, ಡಿಟಿಎಫ್ ಬಟ್ಟೆ ತಿರುವಿ ಒಗೆಯಬೇಕು, ಕಲ್ಲಿಗೆ ಬಡಿಯಬಾರದು, ಪ್ರಿಂಟ್ ಮೇಲೆ ನೇರ ಇಸ್ತ್ರಿ ಬೇಡ. ನೈಸರ್ಗಿಕ ಬಣ್ಣದ ಮೇಲೆ ನಿಂಬೆ, ಹುಣಸೆ ಬಿದ್ದರೆ ಕಲೆ ಉಳಿಯುತ್ತದೆ. ಎಲ್ಲವನ್ನೂ ನೆರಳಲ್ಲಿ ಒಣಗಿಸಲಿ. ಬಿಳಿ ಪಂಚೆ ಒಣಗಿಸಿದ ಹಾಗೆ ಮಾಳಿಗೆ ಮೇಲೆ ಸಂಜೆವರೆಗೆ ಬಿಟ್ಟರೆ ಯಾವ ಬಣ್ಣವೂ ಇಲ್ಲಿಯ ಬಿಸಿಲಿಗೆ ಹೆಚ್ಚು ದಿನ ತಾಳುವುದಿಲ್ಲ.